ಮಗುವಿಗೆ ಕೇಳಿದ ಪ್ರಶ್ನೆ

ರಕ್ತದ ಕ್ಯಾನ್ಸರಿನ ಮಕ್ಕಳ ವಾರ್ಡು. ಡಾಕ್ಟರು ಕೇಳುವುದು ಮಗುವನ್ನೇ: "ಹೇಗಿದೀಯಾ ಪುಟ್ಟಾ?" ಉತ್ತರ ಬರುವುದು ಅಮ್ಮನಿಂದ: "ರಾತ್ರಿಯೆಲ್ಲಾ ನಿದ್ದೆ ಇಲ್ಲ ಸಾರ್, ಊಟಾನೂ ಸೇರ್ತಿಲ್ಲ." ಮಗು ಡ್ರಿಪ್ಸ್ ಹಾಕಿದ ತನ್ನ ಕೈಯನ್ನು ನೋಡುತ್ತಾ ಕೂತಿರುತ್ತದೆ. ಅಮ್ಮ ಹೇಳಿದ್ದು ಸುಳ್ಳಲ್ಲ. ಆದರೆ ಮಗು ಏನು ಹೇಳುತ್ತಿತ್ತು?

*

ಮಕ್ಕಳ ಬದುಕಿನ ಗುಣಮಟ್ಟ ಅಳೆಯಲು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ವಾರ್ನಿ ರೂಪಿಸಿದ 'ಪೆಡ್ಸ್‌ಕ್ಯೂಎಲ್' ಎಂಬ ಪ್ರಶ್ನಾವಳಿಯಿದೆ. ಓಡಲು ಕಷ್ಟವೇ, ಹೆದರಿಕೆ ಆಗುತ್ತದೆಯೇ, ಬೇರೆ ಮಕ್ಕಳು ಜೊತೆಗೆ ಸೇರಿಸುತ್ತಾರೆಯೇ, ಶಾಲೆ ತಪ್ಪುತ್ತದೆಯೇ ಎಂಬಂಥ 23 ಸಂಗತಿಗಳು. 5 ವರ್ಷವಾದ ಮಗುವನ್ನೇ ನೇರವಾಗಿ ಕೇಳಬಹುದು. ಹೆತ್ತವರಿಗೆ ಬೇರೆ ಹಾಳೆ. ಓಡಾಟದಂಥ ಕಣ್ಣಿಗೆ ಕಾಣುವ ವಿಷಯದಲ್ಲಿ ಎರಡೂ ಹಾಳೆಗಳು ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತವೆ. ಭಯ, ದುಃಖದ ವಿಷಯ ಬಂದರೆ ದೂರ ಸರಿಯುತ್ತವೆ. ಕಾಯಿಲೆಯ ಮಕ್ಕಳು ಎಷ್ಟೋ ಸಲ ಹೆತ್ತವರು ಅಂದುಕೊಂಡದ್ದಕ್ಕಿಂತ ತಮ್ಮ ಬದುಕು ಚೆನ್ನಾಗಿದೆ ಎನ್ನುತ್ತಾರೆ.

ಏಕೆ? ರಕ್ತಕಣಗಳ ಕೌಂಟ್ ಬಿದ್ದಿರುವ ದಿನವೂ ಪಕ್ಕದ ಮಂಚದವನೊಡನೆ ಆಡುವ ಹಾವು-ಏಣಿಯ ಖುಷಿ ನಮಗೆ ಲೆಕ್ಕಕ್ಕೆ ಸಿಗುವುದಿಲ್ಲವೋ? ಅಥವಾ ಅಮ್ಮ ಅಳಬಾರದೆಂದು ಮಗು "ಚೆನ್ನಾಗಿದೀನಿ" ಅನ್ನುತ್ತದೆಯೋ?

*

ಈ ಎರಡನೆಯ ಅನುಮಾನ ಬಿಡುತ್ತಿಲ್ಲ. ಮಾನವಶಾಸ್ತ್ರಜ್ಞೆ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಅಮೆರಿಕದ ಆಸ್ಪತ್ರೆಯೊಂದರಲ್ಲಿ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಇದ್ದ ಪುಟ್ಟ ಮಕ್ಕಳ ಜೊತೆ ಕಾಲ ಕಳೆದು 1978ರಲ್ಲಿ ಪುಸ್ತಕ ಪ್ರಕಟಿಸಿದರು. ಆ ಮಕ್ಕಳಿಗೆ ಸಾವಿನ ವಿಷಯ ಯಾರೂ ಹೇಳಿರಲಿಲ್ಲ. ಆದರೂ ಅವರಿಗೆ ಗೊತ್ತಿತ್ತು. ಬದಲಾಗುವ ಔಷಧಿ, ದೊಡ್ಡವರ ಮುಖ, ತೀರಿಕೊಂಡ ಗೆಳೆಯ, ಎಲ್ಲದರಿಂದಲೂ ತಿಳಿದುಕೊಂಡಿದ್ದರು. ಗೊತ್ತಿಲ್ಲದವರಂತೆ ಇದ್ದದ್ದು ದೊಡ್ಡವರು ತಮ್ಮಿಂದ ದೂರವಾಗದಿರಲಿ ಎಂದು.

ನಮ್ಮಲ್ಲಿ ಪಕ್ಕದ ಮಂಚ ಖಾಲಿಯಾದರೆ "ಊರಿಗೆ ಹೋದ ಕಂದಾ" ಅನ್ನುತ್ತೇವೆ. ಮಗು ಮತ್ತೆ ಕೇಳದಿದ್ದರೆ ನಂಬಿತು ಎಂದುಕೊಳ್ಳುತ್ತೇವೆ.

*

ಈ ಕಾಯಿಲೆಗೆ ಕೊಡುವ ಸ್ಟೆರಾಯ್ಡ್ ಮಾತ್ರೆ ನಡೆಯುವಾಗ ಮಗು ನಡುರಾತ್ರಿ ಎದ್ದು ಚಿತ್ರಾನ್ನ ಕೇಳುತ್ತದೆ. ತಂದಿಟ್ಟರೆ ತಟ್ಟೆ ತಳ್ಳಿ ಅಳುತ್ತದೆ. ಅಜ್ಜಿಗೆ ಅದು ಹಟ, ಅಪ್ಪನಿಗೆ ಮುದ್ದಿನ ಅತಿರೇಕ. ಆ ಹಸಿವು, ಆ ಸಿಟ್ಟು ಎರಡನ್ನೂ ತರುವುದು ಔಷಧಿಯೇ. ವಾಂತಿ ಆಗುತ್ತದೆ, ಕೂದಲು ಉದುರುತ್ತದೆ ಎಂದು ಮುಂಚೆಯೇ ಹೇಳುವವರು ಇದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಮಗುವಿಗೂ ಹೇಳಬೇಕು. ತಾನು ಕೆಟ್ಟವನಾದೆ ಎಂದು ಅದು ಕೊರಗಬಾರದಲ್ಲ.

*

"ಇವತ್ತು ಕೈಗಾ, ಬೆನ್ನಿಗಾ?" ಸೂಜಿಯ ಬಗ್ಗೆ ಹುಡುಗಿಯ ಪ್ರಶ್ನೆ. "ಏನೂ ಇಲ್ಲ, ಬರೀ ನೋಡ್ತಾರೆ" ಎಂದರು ಅಮ್ಮ. ಸಿಸ್ಟರ್ ಮಂಡಿಯೂರಿ ಕೂತು, "ಬೆನ್ನಿಗೆ ಪುಟ್ಟಿ. ನೋವಾಗುತ್ತೆ. ಅಮ್ಮ ಬಾಗಿಲ ಹತ್ರಾನೇ ಇರ್ತಾರೆ" ಎಂದರು. ಹುಡುಗಿ ಅತ್ತಳು. ಆಮೇಲೆ ತಾನೇ ಇಳಿದು ಸಿಸ್ಟರ್ ಕೈ ಹಿಡಿದು ನಡೆದಳು. ಸುಳ್ಳು ಸಮಾಧಾನ ಕೊಡದ ಧೈರ್ಯವನ್ನು ನಿಜ ಹೇಗೆ ಕೊಟ್ಟಿತು? ತನ್ನ ಮೈಗೆ ಏನಾಗಲಿದೆ ಎಂದು ಗೊತ್ತಿರುವುದೂ ಒಂದು ಹಿಡಿತ ಇರಬೇಕು.

*

ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಹೆತ್ತವರನ್ನೇ ವಾರ್ಡಿನ ಹೊರಗಿಡುತ್ತಿದ್ದರು. ಆಸ್ಪತ್ರೆಯಲ್ಲಿರುವ ಮಕ್ಕಳ ಕುರಿತ 1959ರ ಪ್ಲಾಟ್ ವರದಿ ಅವರನ್ನು ಒಳಗೆ ಬಿಡಿ ಎಂದಿತು. ನಮ್ಮ ಅಮ್ಮಂದಿರು ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗುತ್ತಾರೆ. ಅದು ದೊಡ್ಡ ಭಾಗ್ಯ. ಹತ್ತಿರವಿದ್ದೂ ಮಗುವಿನ ಮಾತು ನಾವೇ ಆಡಿಬಿಡುತ್ತೇವೆ, ಅಷ್ಟೆ.

ಕಾಯಿಲೆಯ ಮಗುವನ್ನು ನೋಡಲು ಹೋಗುವವರಲ್ಲಿ ಒಂದು ಬೇಡಿಕೆ: ಹಣ್ಣಿನ ಚೀಲ ಇಟ್ಟ ಮೇಲೆ ಅಮ್ಮನನ್ನು ವಿಚಾರಿಸುವ ಮೊದಲು ಮಗುವನ್ನು ಕೇಳಿ. ಉತ್ತರ ಬರುವವರೆಗೂ ಕಾಯಿರಿ.