ಶಿಕಾಗೋ ಚಳಿಯಲ್ಲಿ ಕಾಗದದ ಹೂವು

ಮಗಳ ಬಾಣಂತನಕ್ಕೆಂದು ಶಿಕಾಗೋಗೆ ಹೋದದ್ದು ಸೆಪ್ಟೆಂಬರ್ ಕೊನೆಯಲ್ಲಿ. ನಮ್ಮೂರ ಬೇಲಿಗಳ ಮೇಲೆ ತಾನಾಗಿ ಹಬ್ಬುವ ಕಾಗದದ ಹೂವಿನ ಬಳ್ಳಿ, ಅಲ್ಲಿ ಕುಂಡದಲ್ಲಿ! ಬ್ರೆಜಿಲ್ ಕಡೆಯ ಗಿಡ, ಹಿಮ ತಡೆಯದು. ರಾತ್ರಿಯ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಮೊದಲೇ ಅಳಿಯಂದಿರು ಅದನ್ನು ಒಳಗೆ ತಂದು, ದಕ್ಷಿಣದ ಕಿಟಕಿಯ ಬಳಿ ಇಟ್ಟರು.

ಡಿಸೆಂಬರ್‌ನಲ್ಲಿ ಎಲೆಗಳು ಉದುರಿದವು. ಕರುಳು ಚುರುಕ್ ಎಂದು ನಾನು ದಿನಾ ನೀರು ಹೊಯ್ದೆ.

"ಅಮ್ಮಾ, ಬೇರು ಕೊಳೆತೀತು. ಅದು ಸತ್ತಿಲ್ಲ, ಮಲಗಿದೆ," ಎನ್ನುತ್ತ ಮಗಳು ಉಗುರಿನಿಂದ ಕಾಂಡ ಕೆರೆದು ತೋರಿಸಿದಳು. ಒಳಗೆ ಹಸಿರು!

ಆಮೇಲೆ ಮಣ್ಣು ಒಣಗಿದಾಗಷ್ಟೇ ಒಂದಿಷ್ಟು ನೀರು. ಗೊಬ್ಬರವಂತೂ ಇಲ್ಲವೇ ಇಲ್ಲ.

ಮಾರ್ಚ್‌ನಲ್ಲಿ ನಾನು ಹೊರಡುವಾಗ ಚಿಗುರೊಡೆದಿತ್ತು. ಮೇ ಅರ್ಧ ಕಳೆದು ಹಿಮದ ಭಯ ಹೋದಮೇಲೇ ಹೊರಗಿಡುವುದಂತೆ.

ಆರೈಕೆ ಅಂದ್ರೆ ಎರೆಯೋದು ಅಂತಲೇ ತಿಳಿದಿದ್ದೆ. ಕೈ ಹಿಡಿಯೋದನ್ನು ಮಗಳ ಮನೆಯಲ್ಲಿ ಕಲಿತೆ.