ಮಾಟುಂಗಾದ ಬೀದಿಯಲ್ಲಿ ಚೈತ್ರ

ಯುಗಾದಿ ಕಳೆದ ಮೊದಲ ರವಿವಾರ, ಬಿಸಿಲೇರುವ ಮುನ್ನವೇ ನಾವು ಮಾಟುಂಗಾದ ಫೈವ್ ಗಾರ್ಡನ್ಸ್ ಕಡೆಗೆ ನಡೆದೆವು. 1896ರ ಪ್ಲೇಗಿನ ಬಳಿಕ, ಇಕ್ಕಟ್ಟಿನ ಮುಂಬಯಿಗೆ ಗಾಳಿ ಬೆಳಕು ದೊರೆಯಲೆಂದು ಇಂಪ್ರೂವ್‌ಮೆಂಟ್ ಟ್ರಸ್ಟಿನವರು ಯೋಜಿಸಿದ ಬಡಾವಣೆಯಿದು. ಅಗಲವಾದ ಬೀದಿ, ಸಾಲುಮರ, ಮನೆಗಳ ಮುಂದೆ ಅಂಗೈಯಗಲದ ಕೈತೋಟ. ದಾಸವಾಳವೊಂದು ಬೇಲಿ ದಾಟಿ ನಮ್ಮನ್ನು ಮಾತನಾಡಿಸುವಂತಿತ್ತು. ಸೋನಮೋಹರದ ಹಳದಿ ಹೂಗಳು ಸಾಲಾಗಿ ನಿಂತ ಕಾರುಗಳ ಮೇಲೆಲ್ಲ ಸುರಿದಿದ್ದವು. ಕಾರು ಒರೆಸುವವನಿಗೆ ಅದು ಕಸ, ಪಾಪ! ಎಲೆಮರೆಯಲ್ಲಿ ಕೋಗಿಲೆ. ಕೂಗುವ ಕಪ್ಪು ಹಕ್ಕಿ ಗಂಡು. ಮೈತುಂಬ ಚುಕ್ಕೆಯ ಹೆಣ್ಣು ಕಾಗೆಯ ಗೂಡಿಗೆ ಹೊಂಚುಹಾಕುತ್ತಿರುತ್ತದೆ.

ಅಷ್ಟರಲ್ಲಿ 'ಟುಕ್, ಟುಕ್' ಎಂಬ ದನಿ ಕೇಳಿಸಿತು. ಕಂಚುಗಾರ ಹಕ್ಕಿ! ಹಸಿರು ಮೈ, ಕೆಂಪು ಹಣೆ, ಹಳದಿ ಕೊರಳು. ಗುಬ್ಬಿಗಿಂತ ತುಸು ದೊಡ್ಡದು. ಕಳೆದ ವಸಂತದಲ್ಲಿ ಅದು ಗೂಡು ಕೊರೆದಿದ್ದ ಮರದತ್ತ ಧಾವಿಸಿದೆವು. ಮರವಿತ್ತು, ಆ ಕೊಂಬೆಯಿರಲಿಲ್ಲ.

ಒಣಗಿದ ಕೊಂಬೆ ಮಳೆಗಾಲದಲ್ಲಿ ಮಕ್ಕಳ ತಲೆಯ ಮೇಲೆ ಬಿದ್ದೀತೆಂದು ಅರ್ಜಿ ಬರೆದವರು ನಾವೇ. ಭಯವೇನೂ ಸುಳ್ಳಲ್ಲ. ಆದರೆ ಈ ಹಕ್ಕಿ ಗೂಡು ಕೊರೆಯಲು ಒಣಗಿ ಮೆತ್ತಗಾದ ಕೊಂಬೆಯನ್ನೇ ಅರಸುತ್ತದೆ. ಅದರ ಅಡಿಭಾಗದಲ್ಲಿ ದುಂಡನೆಯ ಬಾಗಿಲು ತೆರೆಯುತ್ತದೆ. ಆ ಬಾಗಿಲನ್ನು ಕಂಡು ಸಂತೋಷಪಟ್ಟವರೂ ನಾವೇ. ರುಜು ಹಾಕುವಾಗ ಮಾತ್ರ ಅದು ನೆನಪಿಗೆ ಬರಲಿಲ್ಲ.

ಕೊಯ್ದ ಗಾಯದ ಸುತ್ತ ಎಳೆಯ ಚಿಗುರು ಮೂಡಿತ್ತು. ದನಿ ಪಕ್ಕದ ಬೀದಿಯಿಂದ ಬರುತ್ತಿತ್ತು. ಅತ್ತ ಹೋದೆವು, ಬಹಳ ಹೊತ್ತು ತಲೆಯೆತ್ತಿ ನೋಡಿದೆವು. ಹಕ್ಕಿ ಕಾಣಲಿಲ್ಲ.