ಬೆಸುಗೆಯ ಬೆಳಕು, ಕೆಲಸಗಾರನ ಕಣ್ಣು

ನಮ್ಮ ಕೃಷ್ಣಾ, ಮಕ್ತಲ್, ಗದ್ವಾಲ ಸೀಮೆಯ ಕೃಷಿಯನ್ನು ಇಂದು ನಡೆಸುವವರಲ್ಲಿ ರೈತನಷ್ಟೇ ಪಾಲು ವೆಲ್ಡಿಂಗ್ ಅಂಗಡಿಯವನದೂ ಇದೆ. ಟ್ರ್ಯಾಕ್ಟರಿನ ಟ್ರಾಲಿ ಸೀಳಿದರೆ, ಕುಂಟೆಯ ದಿಂಡು ಮುರಿದರೆ, ಪೈಪು ಸೋರಿದರೆ ನಾವು ಹೋಗುವುದು ಅವನ ಬಳಿಗೆ. ಅವನ ಕೈಯಲ್ಲಿರುವ ಗೇಣುದ್ದದ ಕಡ್ಡಿಗೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆಯೆಂಬುದನ್ನು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ.

1871ರಲ್ಲಿ ಮುಂಬಯಿ ಮತ್ತು ಮದರಾಸುಗಳ ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿದಾಗ ವಿದ್ಯುತ್ ಬೆಸುಗೆ ಬಳಕೆಗೆ ಬಂದಿರಲಿಲ್ಲ. ಕಬ್ಬಿಣದ ತೊಲೆಗಳನ್ನು ಕಾಯಿಸಿದ ರಿವೆಟ್ಟುಗಳಿಂದ ಜೋಡಿಸುತ್ತಿದ್ದರು. ಮುಂದೆ ವಿದ್ಯುತ್ತಿನ ಕಿಡಿಯಿಂದ ಲೋಹವನ್ನು ಕರಗಿಸಿ ಕೂಡಿಸುವುದು ಸಾಧ್ಯವಾಯಿತಾದರೂ ಒಂದು ದೋಷ ಉಳಿಯಿತು. ಕರಗಿದ ಉಕ್ಕು ಗಾಳಿಯಲ್ಲಿನ ಆಮ್ಲಜನಕ, ಸಾರಜನಕಗಳನ್ನು ಹೀರಿಕೊಂಡು ಪೆಡಸಾಗುತ್ತಿತ್ತು. ಸ್ವೀಡನ್ನಿನ ಆಸ್ಕರ್ ಶೆಲ್‌ಬರ್ಗ್ 1904ರಲ್ಲಿ ಇಸಾಬ್ ಕಂಪನಿಯನ್ನು ಸ್ಥಾಪಿಸಿ, ಕಡ್ಡಿಗೆ ಲೇಪ ಕೊಡುವ ಉಪಾಯವನ್ನು ಕಂಡುಹಿಡಿದನು. ಲೇಪವು ಉರಿದು ಅನಿಲವೂ ಕಿಟ್ಟವೂ ಆಗಿ ಬೆಸುಗೆಯನ್ನು ಮುಚ್ಚಿ ಕಾಯುತ್ತದೆ.

ಅದೇ ಉದ್ದೇಶಕ್ಕಾಗಿ ಇಂಗ್ಲೆಂಡಿನ ಸ್ಟ್ರೋಮೆಂಗರ್ ಎಂಬಾತನು ಕಡ್ಡಿಗೆ ನೀಲಿ ಕಲ್ನಾರಿನ ನೂಲನ್ನು ಸುತ್ತಿದನು. ಅವನ ವಿಧಾನವನ್ನು ಮಾರುಕಟ್ಟೆಗೆ ತಂದದ್ದು ಕ್ವಾಸಿ-ಆರ್ಕ್ ಕಂಪನಿ. 1920ರಲ್ಲಿ ಬರ್ಕನ್‌ಹೆಡ್ಡಿನ ಕ್ಯಾಮೆಲ್ ಲೇರ್ಡ್ ಹಡಗುಕಟ್ಟೆಯು ನೀರಿಗಿಳಿಸಿದ ‘ಫುಲ್ಲಾಗರ್’ ಹಡಗಿನ ಒಡಲನ್ನು ರಿವೆಟ್ಟಿನ ಬದಲು ಬೆಸುಗೆಯಿಂದಲೇ ಕಟ್ಟಲಾಗಿತ್ತು. ಮುಂದೆ ಕ್ವಾಸಿ-ಆರ್ಕ್ ಬ್ರಿಟಿಷ್ ಆಕ್ಸಿಜನ್ ಕಂಪನಿಯಲ್ಲಿ ಲೀನವಾಯಿತು. ಆ ಸಮೂಹದ ಭಾರತೀಯ ಶಾಖೆಯು 1935ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಗಿ, ಇಂಡಿಯನ್ ಆಕ್ಸಿಜನ್ ಎಂದು ಹೆಸರಾಯಿತು. ಅದರ ವೆಲ್ಡಿಂಗ್ ವ್ಯವಹಾರ ಕೊನೆಗೆ ಸೇರಿದ್ದು ಇಸಾಬಿನ ಭಾರತೀಯ ಕಂಪನಿಯನ್ನು. ಸ್ಪರ್ಧಿಗಳಾಗಿ ಹುಟ್ಟಿದ ಎರಡು ವಿದ್ಯೆಗಳು ನಮ್ಮ ದೇಶದಲ್ಲಿ ಒಂದೇ ಮನೆಯೊಳಗೆ ಬಂದವು.

ಈ ಚರಿತ್ರೆಯಲ್ಲಿ ಲೋಹದ ರಕ್ಷಣೆಗೆ ಸಂದ ಬುದ್ಧಿಯೆಷ್ಟು, ಮನುಷ್ಯನ ರಕ್ಷಣೆಗೆ ಸಂದದ್ದೆಷ್ಟು ಎಂದು ವಕೀಲನಾದ ನಾನು ಕೇಳಲೇಬೇಕಾಗಿದೆ. ಬೆಸುಗೆಯನ್ನು ಕಾಯ್ದ ಕಲ್ನಾರು ಶ್ವಾಸಕೋಶಕ್ಕೆ ಮಾರಕವೆಂಬುದು ಆಮೇಲೆ ಜಗತ್ತಿಗೆ ತಿಳಿಯಿತು. ಇಂದಿನ ಸಾಮಾನ್ಯ ಕಡ್ಡಿಯ ಲೇಪದಲ್ಲಿ ಕಲ್ನಾರಿಲ್ಲ, ರೂಟೈಲ್ ಎಂಬ ಖನಿಜವಿದೆ. ಆದರೆ ಕಿಡಿಯಿಂದ ಹೊಮ್ಮುವ ಅತಿನೇರಳೆ ಕಿರಣಗಳು ಅಂದಿನಂತೆಯೇ ಇವೆ. ಅವು ತಾಗಿದಾಗ ಆ ಕ್ಷಣಕ್ಕೆ ಏನೂ ಅನಿಸುವುದಿಲ್ಲ. ಕೆಲವು ಗಂಟೆ ಕಳೆದ ಮೇಲೆ, ಹೆಚ್ಚಾಗಿ ರಾತ್ರಿ, ಕಣ್ಣಿಗೆ ಮರಳು ಹೊಯ್ದಂತಾಗುತ್ತದೆ. ಬಿಸಿಲಿಗೆ ಹಾಕುವ ಕಪ್ಪು ಕನ್ನಡಕವು ಇದಕ್ಕೆ ಸಾಲದು. ವೆಲ್ಡಿಂಗಿನ ಕಪ್ಪು ಗಾಜೇ ಬೇಕು.

ಕಾನೂನು ಸುಮ್ಮನಿರಲಿಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ 35ನೇ ಕಲಮು ಕಣ್ಣಿನ ರಕ್ಷಣೆಯ ವಿಷಯವನ್ನೇ ಹೇಳುತ್ತಿತ್ತು. ಆದರೆ ವಿದ್ಯುತ್ ಬಳಸುವ ಸ್ಥಳ ಕಾರ್ಖಾನೆಯೆನಿಸಲು ಸಾಮಾನ್ಯವಾಗಿ 10 ಮಂದಿ ಕೆಲಸಗಾರರಿರಬೇಕಿತ್ತು. 2020ರ ಸಂಹಿತೆ ಆ ಸಂಖ್ಯೆಯನ್ನು 20ಕ್ಕೆ ಏರಿಸಿತು. ಒಬ್ಬ ಮಾಲೀಕ, ಇಬ್ಬರು ಹುಡುಗರಿರುವ ನಮ್ಮ ಅಂಗಡಿ ಯಾವ ಲೆಕ್ಕಕ್ಕೂ ಸೇರದು. 1923ರ ಪರಿಹಾರ ಕಾಯ್ದೆಯ ಅನುಸೂಚಿಯು ಒಂದು ಕಣ್ಣು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇಕಡ 40ರಷ್ಟು ನಷ್ಟವೆಂದು ಎಣಿಸಿತು. ಅದನ್ನು ಪಡೆಯಲು ತಾನು ಆ ಅಂಗಡಿಯ ಕೆಲಸಗಾರನೆಂಬುದನ್ನು ಮೊದಲು ರುಜುವಾತುಪಡಿಸಬೇಕು. ಕಣ್ಣಿಗೆ ಪೆಟ್ಟಾದ ಯುವಕನೊಬ್ಬ ಹಿಂದೆ ನನ್ನಲ್ಲಿಗೆ ಬಂದಾಗ ಅವನ ಬಳಿ ಕೂಲಿಯ ಚೀಟಿಯಿರಲಿಲ್ಲ, ಹಾಜರಿಯಿರಲಿಲ್ಲ. ‘ಊರಿಗೆಲ್ಲ ಗೊತ್ತದರಿ ಸಾಹೇಬ್ರ, ನಾ ಅಲ್ಲೇ ದುಡೀತಿದ್ದೆ’ ಎಂದನು. ಊರಿಗೆ ಗೊತ್ತಿದ್ದುದನ್ನು ಹೇಳಲು ಊರಿನವರು ಯಾರೂ ಮುಂದೆ ಬರಲಿಲ್ಲ.

ಭಾಷೆಯ ಮಾತೂ ಇಲ್ಲಿದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಜಿಲ್ಲೆಯ ಬಹುಭಾಗ ಮೈಸೂರಿಗೂ, ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಆಂಧ್ರಕ್ಕೂ ಸೇರಿದವು. ಗಡಿಯ ಈಚೆ ಕನ್ನಡದಲ್ಲಿ ಓದಿದ ಹುಡುಗನಿಗೆ ಕಡ್ಡಿಯ ಪೆಟ್ಟಿಗೆಯ ಮೇಲಿನ ಇಂಗ್ಲಿಷ್ ಎಚ್ಚರಿಕೆ ಕೇವಲ ಚಿತ್ತಾರ. ನಾವು ಕನ್ನಡಕ್ಕಾಗಿ ಮನವಿ ಬರೆಯುವಾಗ ಶಾಲೆ, ನಾಮಫಲಕಗಳನ್ನು ನೆನೆಯುತ್ತೇವೆ; ಜೀವ ಕಾಯುವ ಸೂಚನೆಗಳನ್ನೂ ಆ ಪಟ್ಟಿಗೆ ಸೇರಿಸಬೇಕು.

ಅಂಗಡಿಯ ಮಾಲೀಕರಲ್ಲಿ ನನ್ನ ಕೋರಿಕೆ ಎರಡೇ: ಕಪ್ಪು ಗಾಜಿನ ಮುಖಕವಚ ಪ್ರತಿ ಹುಡುಗನಿಗೂ ಒಂದು, ಅವನ ಹೆಸರು, ತಾರೀಖು, ಕೂಲಿ ಬರೆದ ಒಂದು ನೋಟುಬುಕ್ಕು. ಬರೆಯುವುದು ಕನ್ನಡದಲ್ಲಿದ್ದರೂ ನ್ಯಾಯಾಲಯ ಅದನ್ನು ಓದಿಸಿಕೊಳ್ಳುತ್ತದೆ.